ಟರ್ಮಿನಲ್‌ನಿಂದ ಇಮೇಲ್: ಎಂಎಸ್‌ಎಂಟಿಪಿಯೋ, ಪೋಸ್ಟ್‌ಫಿಕ್ಸೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಊರಿನ ವಾಚನಾಲಯದ ಪುಸ್ತಕಪಟ್ಟಿಯೂ ಲೆಕ್ಕಪತ್ರವೂ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಿರುವ ನನ್ನ ಮನೆಯ ಕಂಪ್ಯೂಟರಿನಲ್ಲಿವೆ. ಪ್ರತಿ ರಾತ್ರಿ ಬ್ಯಾಕಪ್ ಮುಗಿದೊಡನೆ ಕಾರ್ಯದರ್ಶಿಯವರಿಗೆ ಕನ್ನಡದಲ್ಲಿ ಒಂದು ಇಮೇಲ್ ತಾನಾಗಿ ಹೋಗಬೇಕಿತ್ತು. ಅದಕ್ಕಾಗಿ ಟರ್ಮಿನಲ್‌ನಿಂದ, ಎಂದರೆ ಆಜ್ಞೆಗಳನ್ನು ಬೆರಳಚ್ಚಿಸುವ ಕಿಟಕಿಯಿಂದ, ಪತ್ರ ಕಳುಹಿಸುವ ಮೂರು ತಂತ್ರಾಂಶಗಳನ್ನು ಬಳಸಿ ನೋಡಿದೆ: ಎಸ್‌ಎಸ್‌ಎಂಟಿಪಿ, ಎಂಎಸ್‌ಎಂಟಿಪಿ, ಪೋಸ್ಟ್‌ಫಿಕ್ಸ್.

ಮನೆಯ ಸಂಪರ್ಕಗಳಲ್ಲಿ ಅಂಚೆ ಸರ್ವರುಗಳು ತಮ್ಮೊಳಗೆ ಪತ್ರ ಸಾಗಿಸುವ 25ನೇ ಪೋರ್ಟನ್ನು (ಸಂಪರ್ಕದ ಬಾಗಿಲನ್ನು) ಸಾಮಾನ್ಯವಾಗಿ ತಡೆದಿರುತ್ತಾರಾದ್ದರಿಂದ, ಪತ್ರವನ್ನು ಜಿಮೇಲ್‌ನ ಸರ್ವರಿಗೆ 587ನೇ ಪೋರ್ಟಿನ ಮೂಲಕ ಒಪ್ಪಿಸುವುದೇ ದಾರಿ. ಅಲ್ಲಿ ಖಾತೆಯ ಮಾಮೂಲಿ ಪಾಸ್‌ವರ್ಡ್ 2022ರ ಮೇ ತಿಂಗಳ ಕೊನೆಯಿಂದ ನಡೆಯುವುದಿಲ್ಲ; ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, ಇಂಥ ತಂತ್ರಾಂಶಗಳಿಗೆಂದೇ ಕೊಡುವ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು.

ಮೊದಲು ನೋಡಿದ ಎಸ್‌ಎಸ್‌ಎಂಟಿಪಿಯನ್ನು ಬೇಗನೆ ಬಿಟ್ಟೆ. ಅದನ್ನು ನೋಡಿಕೊಳ್ಳುವವರಿಲ್ಲ, ಹೊಸದಾಗಿ ಯಾರೂ ಅದನ್ನು ಹಾಕಿಕೊಳ್ಳಬಾರದು.

ಎಂಎಸ್‌ಎಂಟಿಪಿ ನನಗೆ ಬಹಳ ಹಿಡಿಸಿತು. ಹತ್ತು ಸಾಲು ಮೀರದ ಒಂದೇ ಕಡತದಲ್ಲಿ ಎಲ್ಲವೂ ಮುಗಿಯುತ್ತದೆ. ಪಾಸ್‌ವರ್ಡ್ ಬರೆದಿರುವ ಆ ಕಡತವನ್ನು ಇತರರು ಓದುವಂತಿದ್ದರೆ, ಅನುಮತಿಯನ್ನು 600ಕ್ಕೆ (ಒಡೆಯ ಮಾತ್ರ ಓದಿ ಬರೆಯುವಂತೆ) ಇಳಿಸುವವರೆಗೆ ಅದು ಕೆಲಸವನ್ನೇ ಮಾಡುವುದಿಲ್ಲ. ಪಾಸ್‌ವರ್ಡನ್ನು ಜಿಪಿಜಿ ಎಂಬ ಗೂಢಲಿಪಿ ತಂತ್ರಾಂಶದಿಂದ ಮುಚ್ಚಿಟ್ಟು ನೋಡಿದೆನಾದರೂ, ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ನಡುರಾತ್ರಿ ಓಡುವಾಗ ಕೀಲಿಯ ಗುಟ್ಟುಪದವನ್ನು ಒತ್ತಿಕೊಡಲು ಯಾರೂ ಇರುವುದಿಲ್ಲವಷ್ಟೆ; ಕೊನೆಗೆ ಕಡತದಲ್ಲಿಯೇ ಬರೆದಿಟ್ಟೆ. ಇದರ ನಿಜವಾದ ಕೊರತೆ ಗೊತ್ತಾದದ್ದು ಆಟಿ ತಿಂಗಳ ಮಳೆಯಲ್ಲಿ. ಮರ ಬಿದ್ದು ಕೇಬಲ್ ತುಂಡಾಗಿತ್ತು, ಇನ್ವರ್ಟರಿನಿಂದ ಕಂಪ್ಯೂಟರ್ ಮಾತ್ರ ಓಡುತ್ತಿತ್ತು. "ನಿನ್ನೆಯ ಕಾಗದ ಬರಲೇ ಇಲ್ಲವಲ್ಲ ಮಾಷ್ಟ್ರೇ" ಎಂದು ಕಾರ್ಯದರ್ಶಿಯವರು ಬೆಳಿಗ್ಗೆ ಕೇಳಿದ ಮೇಲೆ ಲಾಗ್ (ದಾಖಲೆ ಕಡತ) ತೆರೆದರೆ, ಸರ್ವರಿನ ವಿಳಾಸ ಸಿಗಲಿಲ್ಲವೆಂಬ ಒಂದು ಸಾಲು ಬಿಟ್ಟರೆ ಪತ್ರದ ಸುಳಿವೇ ಇರಲಿಲ್ಲ. ಪತ್ರಗಳನ್ನು ಸರದಿಯಲ್ಲಿಡುವ ಸ್ಕ್ರಿಪ್ಟೊಂದು ಅದರ ಜೊತೆಗೆ ಬರುತ್ತದೆ, ಆದರೆ ಹಿನ್ನೆಲೆಯಲ್ಲಿದ್ದು ಆಗಾಗ ಮತ್ತೆ ಯತ್ನಿಸುವ ಸೇವೆ ಅದಲ್ಲ.

ವೀಟ್ಸೆ ವೆನೆಮಾ ಅವರು ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಪೂರ್ಣ ಪ್ರಮಾಣದ ಅಂಚೆ ಸರ್ವರ್. ಪತ್ರವನ್ನು ಯಾವ ಸರ್ವರಿಗೆ ಒಪ್ಪಿಸಬೇಕೆಂದು ಹೇಳುವ ರಿಲೇಹೋಸ್ಟ್ ಸಾಲಿನಲ್ಲಿ ಆ ಸರ್ವರಿನ ಹೆಸರನ್ನು ಚೌಕಾವರಣದೊಳಗೆ ಬರೆಯಬೇಕು, ಪಾಸ್‌ವರ್ಡ್ ಕಡತವನ್ನು ತಿದ್ದಿದಾಗಲೆಲ್ಲ ಪೋಸ್ಟ್‌ಮ್ಯಾಪ್ ಆಜ್ಞೆ ಓಡಿಸಿ ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರಬೇಕು, ಹೊರಗಿನವರು ಒಳಬರದಂತೆ ಸರ್ವರನ್ನು ಲೂಪ್‌ಬ್ಯಾಕಿಗೆ, ಎಂದರೆ ಆ ಕಂಪ್ಯೂಟರಿನೊಳಗಿನ ಸಂಪರ್ಕಕ್ಕೆ ಮಾತ್ರ ಸೀಮಿತಗೊಳಿಸಬೇಕು. ಲಾಗಿನ್ ನಡೆಸಿಕೊಡುವ ಎಸ್‌ಎಎಸ್‌ಎಲ್‌ನ ಮಾಡ್ಯೂಲುಗಳ ಪ್ಯಾಕೇಜು ಹಾಕದಿದ್ದುದರಿಂದ ಲಾಗಿನ್ ಆಗದೆ ನನಗೆ ಒಂದು ಸಂಜೆಯೇ ಕಳೆಯಿತು. ಇಷ್ಟೆಲ್ಲ ಆದರೂ, ಸಂಪರ್ಕ ಕಡಿದಾಗ ಪತ್ರವನ್ನು ಅದು ಸರದಿಯಲ್ಲಿ ಜೋಪಾನವಾಗಿಟ್ಟು, ಬೇರೇನೂ ಹೇಳದಿದ್ದರೆ ಐದು ದಿನಗಳವರೆಗೆ ಮತ್ತೆ ಮತ್ತೆ ಯತ್ನಿಸುತ್ತದೆ. ಮುಂದಿನ ಗಾಳಿಮಳೆಯಲ್ಲಿ, ಸರದಿಯನ್ನು ತೋರಿಸುವ ಮೇಲ್‌ಕ್ಯೂ ಆಜ್ಞೆ ಕೊಟ್ಟಾಗ ಎರಡು ರಾತ್ರಿಯ ಪತ್ರಗಳು ಸಾಲಾಗಿ ಕಾಣಿಸಿದವು. ಕೇಬಲ್ ಸರಿಯಾದ ಮೇಲೆ ನಾನು ಮುಟ್ಟದೆಯೇ ಎರಡೂ ಹೋದವು. ಕಾಸರಗೋಡಿನ ಮಳೆಗಾಲವನ್ನು ಬಲ್ಲವರಿಗೆ ಈ ಒಂದು ಗುಣವೇ ಸಾಕು. ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಪೋಸ್ಟ್‌ಫಿಕ್ಸನ್ನು ಉಳಿಸಿಕೊಂಡಿದ್ದೇನೆ. ಪತ್ರ ಹೋಯಿತೋ ಇಲ್ಲವೋ ಎಂದು ನಾನೇ ಎದುರು ಕುಳಿತು ನೋಡುವ ಲ್ಯಾಪ್‌ಟಾಪಿಗೆ ಎಂಎಸ್‌ಎಂಟಿಪಿ ಧಾರಾಳವಾಯಿತು.

ವಿಷಯದ ಸಾಲನ್ನು ಕನ್ನಡದಲ್ಲಿ ಬರೆಯುವವರು ಒಂದನ್ನು ಗಮನಿಸಬೇಕು: ಅದನ್ನು ಮೈಮ್ ಕ್ರಮಕ್ಕೆ, ಎಂದರೆ ಇಂಗ್ಲಿಷೇತರ ಅಕ್ಷರಗಳನ್ನು ಇಮೇಲಿನಲ್ಲಿ ಸಾಗಿಸುವ ರೂಪಕ್ಕೆ ತಿರುಗಿಸುವ ಕೆಲಸವನ್ನು ಇವೆರಡೂ ಮಾಡುವುದಿಲ್ಲ. ಪತ್ರವನ್ನು ಮಟ್ ಎಂಬ ಇಮೇಲ್ ತಂತ್ರಾಂಶದಿಂದ ಸಿದ್ಧಪಡಿಸಿ ಕೊಟ್ಟ ಮೇಲೆ, "ಇಂದಿನ ಬ್ಯಾಕಪ್ ಮುಗಿದಿದೆ" ಎಂಬ ಸಾಲು ಕಾರ್ಯದರ್ಶಿಯವರ ಫೋನಿನಲ್ಲಿ ಒತ್ತಕ್ಷರ ಸಹಿತ ಸರಿಯಾಗಿ ಮೂಡಿತು.