ಸೊಂಟದ ಕೀಲು ಬದಲಿಸಿಕೊಂಡವರಿಗೆ ಮನೆಯ ಸೈಕಲ್: ಮೀಟರಿಗಿಂತ ಸೀಟು ಮುಖ್ಯ

ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆಯಾಗಿ, ವಾಕರ್ ಬಿಟ್ಟು ಊರುಗೋಲಿಗೆ ಬಂದ ಹಂತದಲ್ಲಿ, ವೈದ್ಯರ ಒಪ್ಪಿಗೆ ಪಡೆದು ನಾನು ಮನೆಗೆ ತರಿಸಿದ್ದು ನೆಟ್ಟಗೆ ಕೂತು ತುಳಿಯುವ ಸಾಧಾರಣ ವ್ಯಾಯಾಮ ಸೈಕಲ್. ಇದರ ಜಾಹೀರಾತಿನಲ್ಲಿ ಹೊಗಳಿಕೆಯೆಲ್ಲ ಮೀಟರಿಗೆ, ಕ್ಯಾಲೊರಿ ಲೆಕ್ಕಕ್ಕೆ ಮೀಸಲು. ನಮ್ಮಂಥವರು ನೋಡಬೇಕಾದದ್ದು ಸೀಟಿನ ಎತ್ತರ, ಹತ್ತುವಾಗ ಕಾಲು ದಾಟಿಸಬೇಕಾದ ಚೌಕಟ್ಟು ಮತ್ತು ಪೆಡಲಿನ ಪಟ್ಟಿ.

ಕೀಲಿನ ಹಿಂಭಾಗದಿಂದ ಶಸ್ತ್ರಚಿಕಿತ್ಸೆ ಮಾಡಿದ್ದರೆ, ಆರಂಭದ ವಾರಗಳಲ್ಲಿ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮೀರಿದರೆ ಹೊಸ ಕೀಲಿನ ಗುಂಡು ಬಟ್ಟಲಿನಿಂದ ಜಾರುವ ಅಪಾಯವಿದೆ. ಸೀಟು ತಗ್ಗಾಗಿದ್ದರೆ ಪೆಡಲು ಮೇಲೆ ಬಂದಾಗಲೆಲ್ಲ ಮೊಣಕಾಲು ಎದೆಯತ್ತ ಏರಿ ಸೊಂಟ ಆ ಮಿತಿಯ ಹತ್ತಿರ ಹೋಗುತ್ತದೆ. ಪೆಡಲು ಪೂರ್ತಿ ಕೆಳಗಿದ್ದಾಗ ಮೊಣಕಾಲು ಬಹುತೇಕ ನೇರವಾಗಿದ್ದು, ಅಂಗಾಲು ಪೆಡಲಿಗೆ ಸರಿಯಾಗಿ ತಾಕುವಷ್ಟು ಎತ್ತರ ಬೇಕು. ನನ್ನ ಸೈಕಲ್ಲಿನ ಸೀಟುಕಂಬದಲ್ಲಿ ತೂತುಗಳ ನಡುವಿನ ಅಂತರ ಜಾಸ್ತಿ: ಒಂದಕ್ಕೆ ಸಿಕ್ಕಿಸಿದರೆ ಸೀಟು ತಗ್ಗು, ಮುಂದಿನದಕ್ಕೆ ಸಿಕ್ಕಿಸಿದರೆ ಪೆಡಲು ಎಟುಕಿಸಲು ಸೊಂಟವನ್ನು ಓರೆ ಮಾಡಬೇಕು. ದಪ್ಪ ಅಟ್ಟೆಯ ಶೂ ಹಾಕಿಕೊಂಡು ಎತ್ತರದ ತೂತನ್ನೇ ಬಳಸುತ್ತಿದ್ದೇನೆ.

ಪೆಡಲಿನ ಪಟ್ಟಿಯನ್ನು ಬಿಗಿಯಲು ನೆಲದವರೆಗೆ ಬಗ್ಗಬೇಕು. ನಮಗೆ ನಿಷಿದ್ಧವಾದದ್ದೇ ಆ ಬಗ್ಗುವಿಕೆ! ಹಾಗಾಗಿ ಮಗಳು ಅದನ್ನು ಶೂ ತೂರುವಷ್ಟು ಸಡಿಲವಾಗಿ ಕಟ್ಟಿ ಹಾಗೆಯೇ ಬಿಟ್ಟಿದ್ದಾಳೆ. ಸೀಟಿನಲ್ಲಿ ಕೂತಲ್ಲಿಂದಲೇ ಹೊಂದಿಸಬಹುದಾದ ಪಟ್ಟಿಯನ್ನು ತಯಾರಕರು ಕೊಡಬೇಕು.

ಮೆಚ್ಚಬೇಕಾದದ್ದೂ ಇದೆ. ಚೌಕಟ್ಟಿನ ನಡುಭಾಗ ತಗ್ಗಾಗಿರುವುದರಿಂದ ಹಿಡಿಕೆಯನ್ನು ಭದ್ರವಾಗಿ ಹಿಡಿದು, ಗಟ್ಟಿ ಕಾಲಿನ ಮೇಲೆ ಭಾರ ಹೊತ್ತು, ಶಸ್ತ್ರಚಿಕಿತ್ಸೆಯಾದ ಕಾಲನ್ನು ಹೆಚ್ಚು ಎತ್ತದೆ ದಾಟಿಸಬಹುದು. ಹಿಡಿಕೆ ಹತ್ತಿರದಲ್ಲಿದ್ದು ಬೆನ್ನು ನೇರವಾಗಿಯೇ ಇರುತ್ತದೆ. ಮುಂದಕ್ಕೆ ಬಾಗಿ ಹಿಡಿಯಬೇಕಾದ ಸೈಕಲ್ಲುಗಳಲ್ಲಿ ಸೊಂಟದ ಮಡಿಕೆ ಹೆಚ್ಚುತ್ತದೆ. ಪೆಡಲು ಹಿಮ್ಮುಖವಾಗಿಯೂ ನುಣುಪಾಗಿ ತಿರುಗುತ್ತದೆ. ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ಮೊದಲು ಹಿಮ್ಮುಖವಾಗಿ ತುಳಿದು, ಅದು ಸಲೀಸಾದ ಮೇಲಷ್ಟೇ ಮುಂದಕ್ಕೆ ತುಳಿಯುವುದು ರೂಢಿಯ ಕ್ರಮ. ದಿನಕ್ಕೆರಡು ಬಾರಿ 10ರಿಂದ 15 ನಿಮಿಷ ಹಗುರವಾಗಿ ತುಳಿದು, 4ರಿಂದ 6 ವಾರಗಳ ಹೊತ್ತಿಗೆ ಪೆಡಲಿನ ಬಿಗಿಯನ್ನು, ಅಂದರೆ ತುಳಿಯಲು ಬೇಕಾಗುವ ಬಲವನ್ನು, ನಿಧಾನವಾಗಿ ಹೆಚ್ಚಿಸುತ್ತ, ವಾರಕ್ಕೆ ಮೂರು ನಾಲ್ಕು ಸಲ 20ರಿಂದ 30 ನಿಮಿಷ ತುಳಿಯುವ ಮಟ್ಟಕ್ಕೆ ಬರುವುದು ಸಾಮಾನ್ಯ ಸಲಹೆ. ಅವರವರ ಸ್ಥಿತಿ ನೋಡಿ ವೈದ್ಯರು ಇದನ್ನು ಬದಲಿಸುತ್ತಾರೆ. ಈ ಸೈಕಲ್ಲಿನ ಅತಿ ಕಡಿಮೆ ಬಿಗಿ ನಿಜಕ್ಕೂ ಹಗುರವಾಗಿದೆ.

ಆದರೆ ಸೈಕಲ್ ಒಂದನ್ನೇ ನಂಬಿ ಕೂರುವಂತಿಲ್ಲ. ನಡೆಯುವಾಗ ದೇಹ ಒಂದು ಬದಿಗೆ ವಾಲದಂತೆ ತಡೆಯುವುದು ಸೊಂಟದ ಪಕ್ಕದ ಸ್ನಾಯುಗಳು. ಅವುಗಳಿಗೆ ಪೆಡಲು ತುಳಿತದಿಂದ ಸಿಗುವ ಕೆಲಸ ಸಾಲದು. ಆಸರೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನೂ ನಡಿಗೆಯನ್ನೂ ಫಿಸಿಯೊಥೆರಪಿಸ್ಟ್ ಹೇಳಿದಂತೆ ಮುಂದುವರಿಸಲೇಬೇಕು.

ಕೊಳ್ಳುವವರು ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸುವ ಬದಲು ಅಂಗಡಿಗೇ ಹೋಗಿ, ನಿಮ್ಮ ಎತ್ತರಕ್ಕೆ ಸೀಟನ್ನು ಹೊಂದಿಸಿ ಕೊಡಲು ಹೇಳಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಒಮ್ಮೆ ಹತ್ತಿ ಇಳಿದು ನೋಡಿ. ಹತ್ತಲು ಶಸ್ತ್ರಚಿಕಿತ್ಸೆಯಾದ ಕಾಲನ್ನು ಕೈಯಿಂದ ಎತ್ತಿಡಬೇಕಾಗಿ ಬಂದರೆ, ಬೆಲೆ ಎಷ್ಟೇ ಅಗ್ಗವಾಗಿದ್ದರೂ ಆ ಸೈಕಲ್ ಬೇಡ.