ಮೈಕೊಬ್ಬು ಅಳೆಯಲು ತಕ್ಕಡಿಯೋ, ವಾಚೋ?

ಸ್ಮಾರ್ಟ್ ತಕ್ಕಡಿ, ಸ್ಮಾರ್ಟ್ ವಾಚು ಎರಡರ ಗುಟ್ಟೂ ಒಂದೇ: ಮೈಯೊಳಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಸಿ ತಡೆ ಅಳೆಯುವುದು. ನೀರು ತುಂಬಿದ ಸ್ನಾಯು ಸಲೀಸಾಗಿ ಬಿಡುತ್ತದೆ, ಕೊಬ್ಬು ತಡೆಯುತ್ತದೆ. ಉಳಿದದ್ದು ಎತ್ತರ, ವಯಸ್ಸು, ತೂಕ ಸೇರಿಸಿದ ಲೆಕ್ಕ, ಅಂದರೆ ಅಂದಾಜು.

ಸ್ಮಾರ್ಟ್ ತಕ್ಕಡಿಯಲ್ಲಿ ಕರೆಂಟು ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಹೊಟ್ಟೆಯದು ಬಹುಪಾಲು ಊಹೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4ರಂಥವುಗಳಲ್ಲಿ (2021) ಗುಂಡಿಗಳ ಮೇಲೆ ಎರಡು ಬೆರಳಿಟ್ಟರೆ ತೋಳು, ಎದೆಯ ಮೂಲಕ ಹಾಯುತ್ತದೆ. ತೂಕ ಮಾತ್ರ ನೀವೇ ತುಂಬಬೇಕು. ಎಲ್ಲ ವಾಚಿನಲ್ಲೂ ಈ ಸೌಲಭ್ಯ ಇಲ್ಲ, ಕೇಳಿಯೇ ಕೊಳ್ಳಿ.

ಮನೆಮಂದಿಗೆಲ್ಲ ಆಗಬೇಕು, ದುಡ್ಡೂ ಉಳಿಯಬೇಕು ಅಂದರೆ ತಕ್ಕಡಿ. ಓಟ, ನಿದ್ದೆ, ಎದೆಬಡಿತವೂ ಬೇಕಾದರೆ ವಾಚು. ಬರೀ ಕೊಬ್ಬಿಗಾಗಿ ಅಷ್ಟು ಸುರಿಯುವುದು ದಂಡ. ಮುಳ್ಳಯ್ಯನಗಿರಿ ಹತ್ತಿ ಬೆವರಿಳಿಸಿ ಬಂದ ಕೂಡಲೇ ಯಾವುದನ್ನೂ ನಂಬಬೇಡಿ. ಬೆಳಗ್ಗೆ, ಕಾಫಿಗೂ ಮೊದಲು ಅಳೆಯಿರಿ. ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರಿಗೆ ಈ ಅಳತೆ ಎರಡರಲ್ಲೂ ಬೇಡ.