ಕೋಲಾರ, ಚಿಕ್ಕಬಳ್ಳಾಪುರ ಕಡೆಯೋರು 'ಒಂದೇ ವಾರದಲ್ಲಿ ಜಾಗೃತಿ' ಶಿಬಿರಕ್ಕೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಮಾವು ಇಳಿಸಿ ತೋಟಗಳು ಖಾಲಿ ಆಗ್ತಿದ್ದಂಗೆ, ಗುರುಪೂರ್ಣಿಮೆ ಹತ್ರ ಬರ್ತಿದ್ದಂಗೆ, ನಮ್ಮ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಶಿಬಿರದ ಪೋಸ್ಟರ್‌ಗಳು ಶುರುವಾಗತ್ತೆ. ಕುಂಡಲಿನಿ ಜಾಗೃತಿ (ಒಳಗೆ ಮಲಗಿರೋ ಶಕ್ತಿನ ಎಬ್ಬಿಸೋದು ಅಂತಾರೆ), ಶಕ್ತಿಪಾತ (ಗುರು ತನ್ನ ಶಕ್ತಿನ ಶಿಷ್ಯನಿಗೆ ಇಳಿಸೋದು ಅಂತಾರೆ), ಒಂದೇ ವಾರದಲ್ಲಿ ಆತ್ಮದರ್ಶನ, ಈ ತರ. ಎಲ್ಲಾ ಶಿಬಿರನೂ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ನಾನೂ ಬೇರೆ ಬೇರೆ ಕಡೆ ಕೂತು ಕಲ್ತಿದ್ದೀನಿ, ಕೆಲವು ಕಡೆ ಸಿಕ್ಕಿದ್ದನ್ನ ಸಾಯೋವರೆಗೂ ಮರೆಯಲ್ಲ. ಆದ್ರೆ ಶ್ರೀನಿವಾಸಪುರ ಕಡೆ ಒಂದು ಮಾವಿನ ತೋಟದಲ್ಲಿ ನಡೆದ ಶಿಬಿರದಲ್ಲಿ ನನ್ನ ಕಣ್ಮುಂದೇನೇ ಒಂದು ಜೀವ ಹೋಗೋದು ಸ್ವಲ್ಪದರಲ್ಲಿ ತಪ್ತು. ಹೆಸರು ಹಾಕಲ್ಲ. ಹಾಕಿದ್ರೆ ಇನ್ನೊಂದು ಹೆಸರಲ್ಲಿ ಪೋಸ್ಟರ್ ಮಾಡ್ಕೊಂಡು ಪಕ್ಕದ ತಾಲೂಕಿಗೆ ಹೋಗ್ತಾರೆ. ಅಲ್ಲಿ ಏನೇನು ಮಾಡಿದ್ರು ಅನ್ನೋದು ಗೊತ್ತಿದ್ರೆ ಯಾವ ಹೆಸರಲ್ಲಿ ಬಂದ್ರೂ ನೀವು ಕಂಡು ಹಿಡೀತೀರ.

ನಮ್ದು ಕೋಲಾರದಲ್ಲಿ ಒಂದು ಸಣ್ಣ ಗುಂಪು, ಭಾನುವಾರ ಯಾರದಾದ್ರೂ ಮನೇಲಿ ಸೇರ್ತೀವಿ. ಒಬ್ರು ಇಷ್ಟಲಿಂಗ ಪೂಜೆ ಬಿಡದೆ ಮಾಡೋರು, ಒಬ್ರು ಕೈವಾರ ತಾತಯ್ಯನವರ ಭಕ್ತರು, ಬಳೆ ಮಾರ್ಕೊಂಡು ಸಂಸಾರ ಮಾಡ್ತಿದ್ದ ಮನುಷ್ಯ ಬೆಟ್ಟದ ಗುಹೇಲಿ ಕೂತು ಯೋಗಿ ಆದ್ರು ಅನ್ನೋದನ್ನ ಅವರ ಬಾಯಲ್ಲೇ ಕೇಳ್ಬೇಕು, ಇನ್ನೊಬ್ರು ವರ್ಷ ವರ್ಷ ತಿರುವಣ್ಣಾಮಲೈಗೆ ಹೋಗಿ ಗಿರಿಪ್ರದಕ್ಷಿಣೆ ಮಾಡಿ ಬರೋರು, ನಾನು ತುಮಕೂರು ರಸ್ತೆ ಕಡೆ ಆಲೂರಲ್ಲಿರೋ ವಿಪಶ್ಯನ ಧ್ಯಾನ ಕೇಂದ್ರದಲ್ಲಿ ಹತ್ತು ದಿನ ಕೂತು ಬಂದೋಳು. ಮಾತು ಎಲ್ಲಿಂದ ಶುರುವಾದ್ರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲೋದು: ಯಾವ ದಾರಿ ನಿಜವಾಗ್ಲೂ ಮುಟ್ಟಿಸತ್ತೆ, ಯಾರು ಕಂಡಿರೋರು? ಇದು ಕೇಳ್ಬಾರದ ಪ್ರಶ್ನೆ ಏನಲ್ಲ. ಬುದ್ಧನೂ ಮನೆ ಬಿಟ್ಟ ಮೇಲೆ ಮೊದಲು ಆಳಾರ ಕಾಲಾಮ, ಆಮೇಲೆ ಉದ್ದಕ ರಾಮಪುತ್ತ ಅಂತ ಇಬ್ಬರು ಗುರುಗಳ ಹತ್ರ ಹೋದ, ಅವರು ಹೇಳಿಕೊಟ್ಟಿದ್ದನ್ನ ಪೂರ್ತಿ ಕಲ್ತ, ನಾನು ಹುಡುಕ್ತಿರೋದು ಇದಲ್ಲ ಅಂತ ಗೊತ್ತಾದ್ಮೇಲೆ ಎದ್ದು ಬಂದ. ಅವರು ಶಾಪ ಹಾಕಲಿಲ್ಲ, ಇಲ್ಲೇ ಇದ್ದು ಶಿಷ್ಯರನ್ನ ನೋಡ್ಕೋ ಅಂತ ಕರೆದ್ರು. ಮುಂದೆ ಜ್ಞಾನೋದಯ ಆದಾಗ ಇದನ್ನ ಮೊದಲು ಯಾರಿಗೆ ಹೇಳ್ಲಿ ಅಂತ ಅವನು ನೆನೆಸಿಕೊಂಡಿದ್ದೂ ಅವರಿಬ್ರನ್ನೇ, ಅಷ್ಟೊತ್ತಿಗೆ ಅವರು ತೀರ್ಕೊಂಡಿದ್ರು.

ನಮ್ಮ ಗುಂಪಲ್ಲಿ ಒಬ್ರು ಅಕ್ಕ ಇದಾರೆ. ಚಿಕ್ಕ ವಯಸ್ಸಿಂದ ಫಿಟ್ಸ್, ಮಾತ್ರೆ ತಪ್ಪಿಸ್ತಿರ್ಲಿಲ್ಲ ಅನ್ನೋ ಕಾರಣಕ್ಕೆ ಎಷ್ಟೋ ವರ್ಷದಿಂದ ಒಂದ್ಸಲನೂ ಬಂದಿರ್ಲಿಲ್ಲ. ದಿನಾ ಬೆಳಗ್ಗೆ ಜಪ. "ಇಷ್ಟು ವರ್ಷ ಮಣಿ ತಿರುಗಿಸಿದೆ, ಒಳಗೆ ಏನೂ ಆಗ್ಲಿಲ್ವಲ್ಲ" ಅನ್ನೋದೇ ಅವರ ಕೊರಗು. ಈ ಕೊರಗು ಇರೋರನ್ನೇ ಇವರು ಹಿಡಿಯೋದು, ಸಾಧನೆ ಮಾಡದೇ ಇರೋರ ಹತ್ರ ಇವರ ಮಾತು ನಡೆಯಲ್ಲ. ಮೊದಲು ಒಂದು ಕಲ್ಯಾಣ ಮಂಟಪದಲ್ಲಿ ಫ್ರೀ ಸತ್ಸಂಗ ಇಟ್ಟಿದ್ರು. ಶಿಬಿರ ನಡೆಸೋ ಗುರೂಜಿ ಮಾತಾಡೋದು ಚೆನ್ನಾಗೇ ಇತ್ತು, ಕನ್ನಡ ತೆಲುಗು ಎರಡೂ ಕಲೆಸಿ ನಮ್ಮ ಕಡೆ ಮಾತಲ್ಲೇ, ಒಂದು ವಚನ ಒಂದು ತತ್ವಪದ ಒಂದು ಉಪನಿಷತ್ ವಾಕ್ಯ ಅಂತ. ಆಮೇಲೆ ನಿಧಾನಕ್ಕೆ ಶುರುವಾಯ್ತು. ಜಪ ಮಕ್ಕಳಾಟ, ವಿಪಶ್ಯನ ಬರೀ ಉಸಿರು ಎಣಿಸೋದು, ಮಠಕ್ಕೆ ಹೋಗೋದು ಊಟಕ್ಕೆ, ನಾನು ಒಂದು ವಾರದಲ್ಲಿ ಒಳಗಿನ ಶಕ್ತಿ ಎಬ್ಬಿಸಿ ತೋರಿಸ್ತೀನಿ. ಸಿದ್ಧಗಂಗೆಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟು 2019ರಲ್ಲಿ 111ನೇ ವಯಸ್ಸಲ್ಲಿ ಲಿಂಗೈಕ್ಯರಾದ ಸ್ವಾಮೀಜಿಗಳನ್ನ ಕಂಡ ನಾಡಿದು, ಅಂಥ ಕಡೆ ನಿಂತ್ಕೊಂಡು ಮಠಕ್ಕೆ ಹೋಗೋದು ಊಟಕ್ಕೆ ಅನ್ನೋರನ್ನ ಅಲ್ಲೇ ಎದ್ದು ನಿಂತು ಕೇಳ್ಬೇಕು. ನಾನು ಕೇಳಿದೆ. "ಬುದ್ಧಿ ಜಾಸ್ತಿ ಇದೆ ನಿಮಗೆ, ಅದೇ ನಿಮ್ಮ ಅಡ್ಡಿ" ಅಂದ್ರು, ಸಭೆ ಚಪ್ಪಾಳೆ ಹೊಡೀತು. ಅಕ್ಕ ಮಾತ್ರ ಹೋಗೇ ಹೋಗ್ತೀನಿ ಅಂತ ಹಟ ಹಿಡಿದ್ರು. ಅವರನ್ನ ಒಬ್ಬರೇ ಕಳಿಸೋಕೆ ಮನಸ್ಸು ಬರದೆ ನಾನೂ ಜೊತೆಗೆ ಹೋದೆ.

ತಲೆಗೆ 11,000 ರೂಪಾಯಿ. ಗೇಟಲ್ಲೇ ಫೋನು, ವಾಚು ತಗೊಂಡು ಚೀಲಕ್ಕೆ ಹಾಕಿದ್ರು. ಒಂದು ಫಾರಂಗೆ ಸೈನು, ಇಲ್ಲಿ ನಡೆಯೋದನ್ನ ಹೊರಗೆ ಯಾರಿಗೂ ಹೇಳಲ್ಲ ಅಂತ. ನಿಮಗೇನಾದ್ರೂ ಕಾಯಿಲೆ ಇದ್ಯಾ, ಮಾತ್ರೆ ತಗೋತೀರಾ ಅನ್ನೋ ಒಂದು ಪ್ರಶ್ನೆ ಆ ಫಾರಂನಲ್ಲಿ ಇರ್ಲಿಲ್ಲ. ವಿಪಶ್ಯನದಲ್ಲೂ ಫೋನ್ ಇಸ್ಕೋತಾರೆ, ಮೌನ ಇದೆ, ಬೆಳಗ್ಗೆ ನಾಲ್ಕಕ್ಕೆ ಗಂಟೆ ಹೊಡೀತಾರೆ, ಹೊರಗಿಂದ ನೋಡೋರಿಗೆ ಎರಡೂ ಒಂದೇ ತರ ಕಾಣತ್ತೆ. ಆದ್ರೆ ಅಲ್ಲಿ ಅರ್ಜೀಲೇ ದೇಹದ ಕಾಯಿಲೆ, ಮನಸ್ಸಿನ ಕಾಯಿಲೆ, ಮಾತ್ರೆ ಎಲ್ಲಾ ಕೇಳ್ತಾರೆ, ನಿಮ್ಮ ಸ್ಥಿತಿಗೆ ಇದು ಬೇಡ ಅಂತ ವಾಪಸ್ ಕಳಿಸೋದೂ ಉಂಟು. ಫೀಸ್ ಇಲ್ಲ, ಕೋರ್ಸ್ ಒಂದು ಪೂರ್ತಿ ಮುಗಿಸಿದೋರ ಹತ್ರ ಮಾತ್ರ ದಾನ ತಗೋತಾರೆ. ದಿನದ ಟೈಂಟೇಬಲ್, ನಿಯಮ ಎಲ್ಲಾ ಮೊದಲೇ ಓದ್ಕೊಂಡು ಹೋಗಬಹುದು, ಮುಚ್ಚಿಡೋದು ಏನಿಲ್ಲ. ಆ ಹತ್ತು ದಿನ ಬೇರೆ ಜಪ ತಪ ಕಲೆಸಬೇಡಿ ಅಂತಾರೆ ನಿಜ, ನಿನ್ನ ಜಪ ಮಕ್ಕಳಾಟ ಅಂತ ಯಾರೂ ಅನ್ನಲಿಲ್ಲ.

ಈಗ ಮುಖ್ಯವಾದ ವಿಷಯ. ಬೆಳಗಿನ ಜಾವ ಮೂರೂವರೆಗೆ ಎಬ್ಬಿಸಿ ತಗಡಿನ ಶೆಡ್ಡಲ್ಲಿ ಕೂರಿಸ್ತಿದ್ರು. ಡೋಲು ಬಡೀತಾರೆ, ಅದರ ಲಯಕ್ಕೆ ಜೋರಾಗಿ ಉಸಿರು ಎಳ್ಕೊಂಡು ಬಿಡ್ಬೇಕು, ಭಸ್ತ್ರಿಕಾ ಅಂತ ಹೆಸರು, ಆದ್ರೆ ಭಸ್ತ್ರಿಕಾನ ಯಾವ ಯೋಗದ ಮೇಷ್ಟ್ರೂ ಹೀಗೆ ಮಧ್ಯೆ ನಿಲ್ಲಿಸದೆ ಗಂಟೆಗಟ್ಟಲೆ ಮಾಡ್ಸಲ್ಲ. ಸ್ವಲ್ಪ ಹೊತ್ತಿಗೆ ನನ್ನ ಬಾಯಿ ಸುತ್ತ ಜುಮು ಜುಮು ಅಂತು, ಬೆರಳುಗಳು ತಾವಾಗೇ ಒಳಗೆ ಮಡಚ್ಕೊಂಡು ಬಿಗಿದುಬಿಟ್ವು, ಬಿಡಿಸೋಣ ಅಂದ್ರೆ ಬರಲ್ಲ, ಮಣಿಕಟ್ಟು ಡೊಂಕಾಗಿ ಎದೆ ಕಡೆ ಬಂತು. ಪಕ್ಕದಲ್ಲಿ ಯಾರೋ ಅಳ್ತಿದಾರೆ, ಯಾರೋ ನಗ್ತಿದಾರೆ, ಕಣ್ಣು ಮುಚ್ಚಿದ್ರೆ ಬೆಳಕು. ಮೈಕಲ್ಲಿ ಅವರು "ನೋಡಿ, ಶಕ್ತಿ ಎದ್ದಿದೆ, ಮುದ್ರೆ ತಾನಾಗೇ ಬೀಳ್ತಿದೆ" ಅಂತಿದ್ರು.

ಅದು ಕುಂಡಲಿನಿ ಅಲ್ಲ. ಜೋರಾಗಿ ಉಸಿರಾಡ್ತಾ ಹೋದ್ರೆ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಕಡಿಮೆ ಆಗತ್ತೆ, ಮಿದುಳಿಗೆ ಹೋಗೋ ರಕ್ತನಾಳ ಸಣ್ಣ ಆಗತ್ತೆ, ತಲೆ ಸುತ್ತತ್ತೆ, ಏನೇನೋ ಕಂಡಂಗಾಗತ್ತೆ, ರಕ್ತದ ಕ್ಯಾಲ್ಸಿಯಂ ಏರುಪೇರಾಗಿ ಬೆರಳು ಸೆಟೆದುಕೊಳ್ಳತ್ತೆ. ಗಾಬರಿ ಆಗಿ ಏದುಸಿರು ಬಿಡೋ ಯಾರಿಗೆ ಬೇಕಾದ್ರೂ ಆಗತ್ತೆ, ಅದಕ್ಕೆ ಗುರುನೂ ಬೇಡ ದೀಕ್ಷೆನೂ ಬೇಡ. ನಿದ್ದೆ ಇಲ್ಲ, ಒಪ್ಪೊತ್ತಿನ ಊಟ, ಅದರ ಮೇಲೆ ಇದು. ಅನುಭವ ಆಗಿದ್ದು ಸುಳ್ಳಲ್ಲ, ಆ ಅನುಭವಕ್ಕೆ ಅವರು ಕೊಟ್ಟ ಅರ್ಥ ಸುಳ್ಳು. ಎಷ್ಟೋ ವರ್ಷ ಜಪ ಮಾಡಿ ಏನೂ ಕಾಣದೋರಿಗೆ ಒಂದೇ ಬೆಳಗ್ಗೆ ಮೈಯೆಲ್ಲಾ ನಡುಗಿ ಬೆಳಕು ಕಂಡ್ರೆ ಈತನೇ ಸದ್ಗುರು ಅಂತ ಅನ್ಸಲ್ವಾ? ಅನ್ಸತ್ತೆ. ಅವತ್ತು ರಾತ್ರಿ ಅಕ್ಕನ ಮುಖ ನೋಡ್ಬೇಕಿತ್ತು ನೀವು, ಅಷ್ಟು ಸಂತೋಷವಾಗಿ ಅವರನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಅದನ್ನ ನೆನೆಸಿಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ಅಕ್ಕ ಹೋಗಿ ಮಾತ್ರೆ ವಿಷಯ ಕೇಳಿದಾರೆ. "ಎದ್ದಿರೋ ಶಕ್ತಿನ ಮಾತ್ರೆ ಮಲಗಿಸಿಬಿಡತ್ತೆ, ಇವತ್ತಿಂದ ನಿಲ್ಲಿಸು, ನಿನ್ನ ಕಾಯಿಲೆ ನನಗೆ ಬಿಡು" ಅಂತ ಉತ್ತರ ಬಂದಿದೆ. ಇದನ್ನ ಅಕ್ಕ ನನಗೆ ಹೇಳ್ಲಿಲ್ಲ, ಹೇಳಿದ್ರೆ ನಾನು ಜಗಳ ತೆಗೀತೀನಿ ಅಂತ ಗೊತ್ತಿತ್ತು. ಒಂದೆರಡು ದಿನ ಕಳೀತು. ಬೆಳಗಿನ ಜಾವದ ಡೋಲು ನಡೀತಿದ್ದಾಗ ಅಕ್ಕ ಕೂತಲ್ಲೇ ಹಿಂದಕ್ಕೆ ಬಿದ್ರು. ಕಣ್ಣು ಮೇಲೆ ಹೋಗಿದೆ, ಕೈಕಾಲು ಎಳೀತಿದೆ, ಬಾಯಲ್ಲಿ ನೊರೆ, ನಾಲಿಗೆ ಕಚ್ಚಿ ರಕ್ತ. ಡೋಲು ನಿಲ್ಲಲಿಲ್ಲ. ಸ್ವಯಂಸೇವಕರು ಬಂದು ಹಣೆಗೆ ವಿಭೂತಿ ಹಚ್ಚಿ ಶೆಡ್ಡಿನ ಬೀಗದ ಕೈ ಗೊಂಚಲನ್ನ ಅವರ ಮುಷ್ಟಿಗೆ ತುರುಕ್ತಿದಾರೆ, ಮೈಕಲ್ಲಿ "ಯಾರೂ ಮುಟ್ಟಬೇಡಿ, ಕರ್ಮ ಸುಡ್ತಿದೆ" ಅಂತ ಹೇಳ್ತಿದಾರೆ. ನಾನು ಅವರನ್ನ ಪಕ್ಕಕ್ಕೆ ಹೊರಳಿಸಿ ತಲೆ ಕೆಳಗೆ ಶಾಲು ಇಟ್ಟೆ. ಒಂದು ನಿಂತು ಎಚ್ಚರ ಬರೋ ಮುಂಚೆ ಇನ್ನೊಂದು ಶುರುವಾಯ್ತು. ಗೇಟ್ ಬೀಗ ತೆಗೀರಿ ಅಂದ್ರೆ ಗುರೂಜಿ ಹೇಳ್ಲಿ ಅಂತಾರೆ. ತೋಟದಲ್ಲಿ ಔಷಧಿ ಹೊಡೆಯೋಕೆ ಬಂದಿದ್ದ ಟಾಟಾ ಏಸ್‌ನೋನು ಗಲಾಟೆ ಕೇಳಿ ಗೇಟ್ ತಳ್ಳಿಸಿ ಒಳಗೆ ತಂದ, ಆ ಪುಣ್ಯಾತ್ಮನ ಗಾಡೀಲೇ ಆಸ್ಪತ್ರೆ ಮುಟ್ಟಿದ್ವಿ.

ಡಾಕ್ಟ್ರು ಹೇಳಿದ್ದು ಎಲ್ರಿಗೂ ಗೊತ್ತಿರ್ಬೇಕು. ಫಿಟ್ಸ್ ಇರೋರಿಗೆ ಇಇಜಿ ಅಂತ ಮಿದುಳಿನ ಟೆಸ್ಟ್ ಮಾಡುವಾಗ, ಒಳಗೆ ಅಡಗಿರೋ ತೊಂದರೆ ಕಾಣ್ಲಿ ಅಂತ ಬೇಕು ಅಂತಲೇ ಮೂರು ನಿಮಿಷ ಜೋರಾಗಿ ಉಸಿರಾಡಿಸ್ತಾರಂತೆ, ಎಷ್ಟೋ ಸಲ ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿ ಬನ್ನಿ ಅಂತನೂ ಹೇಳ್ತಾರಂತೆ. ಅಂದ್ರೆ ಆಸ್ಪತ್ರೇಲಿ ಡಾಕ್ಟ್ರು ಪಕ್ಕದಲ್ಲಿ ನಿಂತು ಮೂರು ನಿಮಿಷ ಮಾಡಿಸೋದನ್ನ ಇವರು ಮಾತ್ರೆ ಬಿಡಿಸಿ, ನಿದ್ದೆಗೆಡಿಸಿ, ಗೇಟಿಗೆ ಬೀಗ ಹಾಕ್ಕೊಂಡು ಮಾಡಿಸಿದಾರೆ. ಫಿಟ್ಸ್ ಮಾತ್ರೆ ದಿಢೀರ್ ಅಂತ ನಿಲ್ಲಿಸಿದ್ರೆ ಒಂದರ ಹಿಂದೆ ಒಂದು ಬಂದು ಪ್ರಾಣಕ್ಕೇ ಕುತ್ತು. ಐದು ನಿಮಿಷ ದಾಟಿದ್ರೆ ಅಥವಾ ಎಚ್ಚರ ಬರದೆ ಮತ್ತೆ ಬಂದ್ರೆ ತಕ್ಷಣ ಆಸ್ಪತ್ರೆ, ಬೀಗದ ಕೈ ಗೀಗದ ಕೈ ಹುಡುಕ್ತಾ ಕೂರಬೇಡಿ, ಬಾಯಿಗೂ ಏನೂ ಹಾಕಬೇಡಿ. ಬಿಪಿ ಇರೋರು, ಹಾರ್ಟ್ ತೊಂದರೆ ಇರೋರು, ಗರ್ಭಿಣಿಯರು ಭಸ್ತ್ರಿಕಾ, ಕಪಾಲಭಾತಿ ಮಾಡ್ಬಾರ್ದು ಅಂತ ಒಳ್ಳೆ ಯೋಗ ಶಿಕ್ಷಕರು ಮೊದಲನೇ ಕ್ಲಾಸಲ್ಲೇ ಹೇಳ್ತಾರೆ.

ಮಾತ್ರೆ ಬಿಟ್ಟವನೇ ಸಾಧಕ ಅನ್ನೋರಿಗೆ ನಾನು ಕೇಳೋದು ಇಷ್ಟು. ರಮಣ ಮಹರ್ಷಿಗಳ ತೋಳಿಗೆ ಗಡ್ಡೆ ಆದಾಗ ಆಶ್ರಮಕ್ಕೆ ಡಾಕ್ಟ್ರು ಬಂದು ಮತ್ತೆ ಮತ್ತೆ ಆಪರೇಷನ್ ಮಾಡಿದ್ರು, 1950ರಲ್ಲಿ ದೇಹ ಬಿಡೋವರೆಗೂ ಚಿಕಿತ್ಸೆ ನಡೀತು. ರಾಮಕೃಷ್ಣ ಪರಮಹಂಸರಿಗೆ ಗಂಟಲು ಕ್ಯಾನ್ಸರ್ ಬಂದಾಗ ಕಲ್ಕತ್ತೆಯ ದೊಡ್ಡ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಬಂದು ನೋಡ್ತಿದ್ರು. ಬುದ್ಧನಿಗೆ ಜೀವಕ ಅನ್ನೋ ವೈದ್ಯ ಇದ್ದ. ಇವರಿಗಿಂತ ದೊಡ್ಡ ಜಾಗೃತಿ ಯಾರಿಗಾಗಿದೆ? ಮುಂದೆ ವಿವೇಕಾನಂದರಾದ ನರೇಂದ್ರ, ರಾಮಕೃಷ್ಣರು ದುಡ್ಡು ಮುಟ್ಟಲ್ಲ ಅನ್ನೋದು ನಿಜಾನಾ ಅಂತ ನೋಡೋಕೆ ಅವರ ಹಾಸಿಗೆ ಕೆಳಗೆ ರೂಪಾಯಿ ಬಚ್ಚಿಟ್ಟ ಕತೆ ನಮಗೆಲ್ಲ ಗೊತ್ತು, ಗುರುಗಳು ಬೇಜಾರ್ ಮಾಡ್ಕೊಳ್ಲಿಲ್ಲ, ಪರೀಕ್ಷೆ ಮಾಡೇ ಒಪ್ಕೋ ಅಂದೋರು ಅವರು. ಇಲ್ಲಿ ಮಾತ್ರೆ ಬಗ್ಗೆ ಒಂದು ಪ್ರಶ್ನೆ ಕೇಳಿದ್ರೆ ಅಹಂಕಾರ, ಮನೆಗೆ ಹೋಗ್ತೀನಿ ಅಂದ್ರೆ ಪತನ.

"ಹತ್ತು ಕಡೆ ಹತ್ತತ್ತು ಅಡಿ ತೋಡಿದ್ರೆ ನೀರು ಬರಲ್ಲ, ಒಂದೇ ಕಡೆ ಆಳಕ್ಕೆ ತೋಡಿ" ಅಂತ ಆ ಮನುಷ್ಯ ದಿನಾ ಹೇಳ್ತಿದ್ರು, ಬಿಟ್ಟು ಹೋಗೋ ಮನಸ್ಸು ಬಂದೋರನ್ನ ಕೂರಿಸೋಕೆ. ಮಾತು ಹಳೇದು, ಮಾತಲ್ಲಿ ಸತ್ಯನೂ ಇದೆ, ವಾರಕ್ಕೊಂದು ಸಾಧನೆ ಬದಲಾಯಿಸಿದ್ರೆ ಯಾವುದೂ ಹತ್ತಲ್ಲ. ಆದ್ರೆ ನಾವು ಕೋಲಾರದೋರು, ಬೋರ್‌ವೆಲ್ ಕಂಡೋರು. ಸಾವಿರದ ಇನ್ನೂರು ಅಡಿ ಹೋದ್ರೂ ಬರೀ ದೂಳು ಬರ್ತಿದ್ರೆ ಇನ್ನೂ ಇನ್ನೂರು ಅಡಿ ಬಿಡಪ್ಪ ಅಂತ ಸಾಲ ತಂದು ಕೊರೆಸೋದು ಯಾಕೆ, ನೀರಿನ ನಂಬಿಕೆಗಲ್ಲ, ಆಗ್ಲೇ ಸುರಿದಿರೋ ದುಡ್ಡಿನ ಸಂಕಟಕ್ಕೆ. ಆ ಶೆಡ್ಡಲ್ಲಿ ಕೂತಿದ್ದ ಎಷ್ಟೋ ಜನ ಅದೇ ಸಂಕಟದಲ್ಲಿ ಮುಂದಿನ 'ಮಹಾದೀಕ್ಷೆ'ಗೆ 51,000 ಕಟ್ಟೋಕೆ ಒಡವೆ ಅಡ ಇಡೋ ಮಾತಾಡ್ತಿದ್ರು.

ಅಕ್ಕ ಬದುಕಿದ್ರು. ಮತ್ತೆ ಮಾತ್ರೆ ಶುರು ಮಾಡಿದಾರೆ, ಫಿಟ್ಸ್ ಹತೋಟಿಗೆ ಬಂದಿದೆ, ಆದ್ರೆ ಜಪದ ಮಣೆ ಮೇಲೆ ಕೂತ್ರೆ ಎದೆ ಹೊಡ್ಕೊಳತ್ತೆ ಅಂತಾರೆ, ಎಷ್ಟೋ ವರ್ಷದ ಸಾಧನೆನ ಅವರಿಂದ ಕಿತ್ಕೊಂಡ್ರಲ್ಲ, ಅದನ್ನ ಯಾವ ದುಡ್ಡಲ್ಲಿ ತುಂಬಿಸೋದು? ಶಿಬಿರದೋರಿಂದ ಒಂದು ಫೋನ್ ಬರಲಿಲ್ಲ, ನಮ್ಮಿಬ್ಬರನ್ನೂ ಗ್ರೂಪಿಂದ ತೆಗೆದುಹಾಕಿದ್ರು, "ಅರ್ಧಕ್ಕೆ ಓಡಿ ಹೋದೋರು" ಅಂತ ಅಲ್ಲಿ ಹೇಳ್ತಿದಾರಂತೆ. ದುಡ್ಡು ಕೇಳಿದ್ದಕ್ಕೆ ಗುರುದಕ್ಷಿಣೆ ವಾಪಸ್ ಕೊಡೋ ಪದ್ಧತಿ ಇಲ್ಲ ಅಂದ್ರು. ಮನೆಯವರು ಹೆಣ್ಣುಮಗಳು, ಕಾಯಿಲೆ ವಿಷಯ ಊರಿಗೆಲ್ಲಾ ಗೊತ್ತಾಗತ್ತೆ ಅಂತ ಪೊಲೀಸ್ ಕಂಪ್ಲೇಂಟ್ ಬೇಡ ಅಂದ್ರು. ಅಕ್ಕನ್ನ ಕೇಳಿ, ಅವರು ಹೂಂ ಅಂದ ಮೇಲೇ ಇಷ್ಟು ಬರೀತಿದ್ದೀನಿ.

ಶಿಬಿರಕ್ಕೆ ಹೋಗ್ಲೇಬೇಕು ಅನ್ನೋರು ಫೋನ್ ಮಾಡಿ ಮೊದಲು ಇದನ್ನೇ ಕೇಳಿ: ನಾನು ಇಂಥ ಮಾತ್ರೆ ತಗೋತೀನಿ, ಏನು ಮಾಡ್ಲಿ? ನಿಮ್ಮ ಡಾಕ್ಟರನ್ನ ಕೇಳಿ ಅಂದ್ರೆ ಮುಂದಿನ ಮಾತು ಆಡಿ. ನಿಲ್ಲಿಸಿ ಅಂದ್ರೆ ಫೋನ್ ಇಡಿ. ಮಧ್ಯರಾತ್ರಿ ನಾನು ಮನೆಗೆ ಹೋಗ್ತೀನಿ ಅಂದ್ರೆ ಗೇಟ್ ತೆಗೀತೀರಾ ಅಂತನೂ ಕೇಳಿ. ಹೋಗಿ ಬಂದ ಮೇಲೆ ನಿದ್ದೆ ಬರ್ತಿಲ್ಲ, ಭಯ ಆಗ್ತಿದೆ, ಯಾರೋ ಮಾತಾಡಿದಂಗೆ ಕೇಳ್ತಿದೆ ಅನ್ನೋರಿದ್ರೆ ಅದನ್ನ ಸಾಧನೆಯ ಹಂತ ಅಂತ ಸುಮ್ನೆ ಬಿಡ್ಬೇಡಿ, 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅದೇ ಗುಂಪು ಈಗ ಚಿಂತಾಮಣಿ ಕಡೆ ಜಾಗ ನೋಡ್ತಿದೆ ಅಂತ ಕೇಳಿದೆ. ಆ ಕಡೆ ನಿಮ್ಮ ಮನೇಲಿ, ನೆಂಟರಲ್ಲಿ ಫಿಟ್ಸ್, ಬಿಪಿ, ಶುಗರ್ ಮಾತ್ರೆ ತಗೊಳೋ ಭಕ್ತರು ಇದ್ರೆ, ಅವರು ಫೋನಲ್ಲಿ ಓದಲ್ಲ ಅಂದ್ರೆ, ಇದನ್ನ ನೀವೇ ಕೂತು ಓದಿ ಹೇಳಿ.